ಸಂಗೀತ ಕಚೇರಿಯ ಹವ್ಯಾಸಿ ಛಾಯಾಚಿತ್ರಗಳು: ಆಕರವಿಮರ್ಶೆಯ ಕೆಲವು ಮಾತುಗಳು

ನಮ್ಮ ನಾಡಿನ ಸಂಗೀತಚರಿತ್ರೆಯನ್ನು ಬರೆಯಹೊರಟವರಿಗೆ ದೊರೆಯುವ ಸಾಮಗ್ರಿ ಬಗೆಬಗೆಯದು. ಲಕ್ಷಣಗ್ರಂಥಗಳುಂಟು, ದಾನಶಾಸನಗಳುಂಟು, ಬೇಲೂರು ಹಳೇಬೀಡುಗಳ ಗೋಡೆಗಳ ಮೇಲೆ ಮದ್ದಳೆ ಬಾರಿಸುವ, ಕೊಳಲೂದುವ ಶಿಲ್ಪಗಳುಂಟು. ಈಚಿನ ಕಾಲಕ್ಕೆ ಬಂದರೆ ಅರಮನೆಯ ಕಾಗದಪತ್ರಗಳು, ಗ್ರಾಮಫೋನ್ ತಟ್ಟೆಗಳು, ಆಕಾಶವಾಣಿಯ ಧ್ವನಿಮುದ್ರಣಗಳು ಉಂಟು. ಇವನ್ನೆಲ್ಲ ವಿದ್ವಾಂಸರು ತಕ್ಕಮಟ್ಟಿಗೆ ಬಳಸಿಕೊಂಡಿದ್ದಾರೆ. ಆದರೆ ಕಚೇರಿ ನಡೆಯುತ್ತಿರುವಾಗಲೇ ಸಭೆಯಲ್ಲಿ ಕುಳಿತ ಹವ್ಯಾಸಿಯೊಬ್ಬನು ತೆಗೆದ ಛಾಯಾಚಿತ್ರವನ್ನು ಆಕರವೆಂದು ಎಣಿಸಿ, ಶಾಸನವನ್ನು ಪರೀಕ್ಷಿಸುವಷ್ಟು ಕಟ್ಟುನಿಟ್ಟಾಗಿ ಪರೀಕ್ಷಿಸುವ ಪದ್ಧತಿ ನಮ್ಮಲ್ಲಿ ಇನ್ನೂ ಬೇರೂರಿಲ್ಲ. ಅಂಥ ಚಿತ್ರಗಳು ಸ್ಮರಣ ಸಂಚಿಕೆಗಳಲ್ಲಿ ಅಚ್ಚಾಗುವುದೇನೋ ಉಂಟು. ಅಲ್ಲಿ ಅವು ಪುಟಕ್ಕೆ ಶೋಭೆ, ಅಷ್ಟೆ. ಅವುಗಳನ್ನು ಸಾಕ್ಷ್ಯವಾಗಿ ಓದುವ ಬಗೆ ಹೇಗೆ ಎಂಬುದೇ ಪ್ರಕೃತ ಲೇಖನದ ವಿಚಾರ. ಇದನ್ನು ಬರೆಯಲು ನಮ್ಮನ್ನು ತೊಡಗಿಸಿದುದು ನಮ್ಮದೇ ಒಂದು ತಪ್ಪು ಎಂಬುದನ್ನು ಮೊದಲೇ ಒಪ್ಪಿಕೊಳ್ಳುವುದು ನ್ಯಾಯ.

ನಮ್ಮ ವಾಸ ತುಮಕೂರಿನ ಅಂಚಿನ ಅಂತರಸನಹಳ್ಳಿಯಲ್ಲಿ. ತರಕಾರಿ ಮಾರುಕಟ್ಟೆಗೂ ಕೈಗಾರಿಕಾ ಪ್ರದೇಶಕ್ಕೂ ಹೆಸರಾದ ಈ ಸ್ಥಳಕ್ಕೂ ಸಂಗೀತಕ್ಕೂ ಮೇಲ್ನೋಟಕ್ಕೆ ಸಂಬಂಧ ತೋರದು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘದ ದೆಸೆಯಿಂದ ನಮ್ಮ ಜಿಲ್ಲೆಗೆ ರಂಗಭೂಮಿಯ ಚರಿತ್ರೆಯಲ್ಲಿ ದೊಡ್ಡ ಸ್ಥಾನವಿದೆ. ಶಾಸ್ತ್ರೀಯ ಸಂಗೀತದ ಚರಿತ್ರೆಯಲ್ಲಿ ಅದರ ಹೆಸರು ಅಷ್ಟಾಗಿ ಕೇಳಿಬರದು. ಹಾಗಿದ್ದರೂ ರಾಮನವಮಿಗೆ, ಗಣೇಶನ ಹಬ್ಬಕ್ಕೆ ನಗರದ ದೇವಸ್ಥಾನಗಳಲ್ಲಿ ಕಚೇರಿಗಳು ನಡೆಯುತ್ತವೆ. ಅಧ್ಯಾಪಕವೃತ್ತಿಗೆ ಸೇರಿದ ಹೊಸತರಲ್ಲಿ ಒಂದು ಕ್ಯಾಮೆರಾ ಕೊಂಡು ನಾವು ಈ ಕಚೇರಿಗಳಿಗೆ ಹೋಗಲು ಮೊದಲುಮಾಡಿದೆವು. ಹಣಕ್ಕಾಗಿ ಅಲ್ಲ, ಪತ್ರಿಕೆಗಾಗಿಯೂ ಅಲ್ಲ. ರಾತ್ರಿ ಕಚೇರಿ ಮುಗಿಸಿ ಹಿಂತಿರುಗುವ ಹೊತ್ತಿಗೆ ಮಾರುಕಟ್ಟೆಯ ಮುಂದೆ ಲಾರಿಗಳು ನಿಂತಿರುತ್ತಿದ್ದುವು. ಮನೆ ಸೇರಿ, ತೆಗೆದುದನ್ನೆಲ್ಲ ಒಮ್ಮೆ ನೋಡಿ ಮಲಗುವುದು ರೂಢಿಯಾಗಿತ್ತು.

ಹಿಂದಿನ ವರ್ಷ ಮಳೆಗಾಲದಲ್ಲಿ ಮಹನೀಯರೊಬ್ಬರು ನಮ್ಮ ಮನೆಗೆ ಬಂದರು. ಅವರ ತಾಯಿ ನಗರದ ದೇವಸ್ಥಾನವೊಂದರ ರಾಮನವಮಿ ಕಚೇರಿಗಳಲ್ಲಿ ಬಹುಕಾಲ ತಂಬೂರಿ ಮೀಟುತ್ತಿದ್ದವರು, ಆಗಷ್ಟೇ ತೀರಿಕೊಂಡಿದ್ದರು. ಹೊರಗಿನಿಂದ ಬರುವ ವಿದ್ವಾಂಸರು ಶಿಷ್ಯರನ್ನು ಕರೆತರದಿದ್ದಾಗ ತಂಬೂರಿಗೆ ಇವರನ್ನೇ ಕೂರಿಸುವುದು ಅಲ್ಲಿಯ ವಾಡಿಕೆ. ತಾಯಿ ವೇದಿಕೆಯ ಮೇಲಿರುವ ಒಂದು ಚಿತ್ರ ಅವರಿಗೆ ಬೇಕಾಗಿತ್ತು. ಆ ಕಚೇರಿಗಳ ನಲವತ್ತಕ್ಕೂ ಮೇಲ್ಪಟ್ಟ ಚಿತ್ರಗಳು ನಮ್ಮಲ್ಲಿದ್ದುವು. ಬಹು ಉತ್ಸಾಹದಿಂದ ಒಂದೊಂದಾಗಿ ತೋರಿಸುತ್ತ ಹೋದೆವು. ಗಾಯಕರ ಮುಖ, ಪಿಟೀಲಿನ ಮೇಲೆ ಬಾಗಿದ ತಲೆ, ಮೃದಂಗದ ಮೇಲಿನ ಬೆರಳು, ಹಿಂದೆಲ್ಲ ಕಗ್ಗತ್ತಲೆ. ಅರ್ಧದಷ್ಟು ನೋಡಿದ ಮೇಲೆ ಅವರು, "ಚೆನ್ನಾಗಿವೆ. ಅಮ್ಮ ಎಲ್ಲಿ, ಮೇಷ್ಟ್ರೇ?" ಎಂದರು. ಅವರ ತಾಯಿಯನ್ನು ನಾವೇ ಕತ್ತರಿಸಿಹಾಕಿದ್ದೆವು. ಇದು ಹೇಗಾಯಿತೆಂಬುದನ್ನು ಮುಂದೆ ಹೇಳುತ್ತೇವೆ. ಅದಕ್ಕೆ ಮುನ್ನ ಈ ಬಗೆಯ ಚಿತ್ರದ ಹುಟ್ಟನ್ನು ಸ್ವಲ್ಪ ನೋಡಬೇಕು.

ಛಾಯಾಚಿತ್ರ ಕಲೆಯು 1839ರಲ್ಲಿ ಪ್ಯಾರಿಸಿನಲ್ಲಿ ಪ್ರಕಟವಾಯಿತು. ಹದಿನೈದು ವರ್ಷಗಳ ತರುವಾಯ, 1854ರ ಕೊನೆಯಲ್ಲಿ, ಲಿನಿಯಸ್ ಟ್ರೈಪ್ ಎಂಬ ಸೇನಾಧಿಕಾರಿ ಹಳೇಬೀಡು ಬೇಲೂರುಗಳ ದೇವಾಲಯಗಳನ್ನು ಚಿತ್ರಿಸಿದನು. ಕಲ್ಲಿನ ಮದ್ದಳೆಗಾರನು ಹೀಗೆ ಕ್ಯಾಮೆರಾಕ್ಕೆ ಬೇಗ ಸಿಕ್ಕಿದನು. ಜೀವಂತ ಮೃದಂಗಗಾರನು ಸಿಕ್ಕುವುದಕ್ಕೆ ಬಹುಕಾಲ ಹಿಡಿಯಿತು. ಕಾರಣ ಬೆಳಕು. ಕಚೇರಿ ನಡೆಯುವುದು ಸಂಜೆಯ ಮೇಲೆ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಬೆಂಗಳೂರು ಗಾಯನ ಸಮಾಜ ಹುಟ್ಟಿದುದೂ ಅದೇ 1905ರಲ್ಲಿ. ಆದರೆ ವಿದ್ಯುದ್ದೀಪ ಬಂದಮಾತ್ರಕ್ಕೆ ಚಿತ್ರ ಬರಲಿಲ್ಲ. ಸಾಧಾರಣ ಬೆಳಕಿನ ವೇದಿಕೆಯನ್ನು 100 ವೇಗದ ಫಿಲ್ಮಿನಿಂದ, 2.8 ಅಪರ್ಚರಿನ ಮಸೂರದಿಂದ ತೆಗೆಯಬೇಕಾದರೆ ಷಟರು ಸುಮಾರು ಕಾಲು ಸೆಕೆಂಡು ತೆರೆದಿರಬೇಕು. ಅಷ್ಟರಲ್ಲಿ ತಾಳ ಹಾಕುವ ಕೈ ಮಸುಕಾಗುತ್ತದೆ. ಮೃದಂಗದ ಬೆರಳುಗಳು ಮಾಯವಾಗುತ್ತವೆ. ಅಂದಿನ ಫಲಕಗಳೂ ಫಿಲ್ಮುಗಳೂ ಇದಕ್ಕಿಂತ ಎಷ್ಟೋ ನಿಧಾನ. ಆದುದರಿಂದ ವೀಣೆ ಶೇಷಣ್ಣ (1852–1926), ಬಿಡಾರಂ ಕೃಷ್ಣಪ್ಪ (1866–1931) ಮೊದಲಾದವರನ್ನು ನಾವು ಚಿತ್ರಗಳಲ್ಲಿ ಕಾಣುವುದು ಹೆಚ್ಚಾಗಿ ಭಾವಚಿತ್ರದ ಭಂಗಿಯಲ್ಲಿ. ಹಾಡುತ್ತಿರುವ, ನುಡಿಸುತ್ತಿರುವ ಸ್ಥಿತಿಯಲ್ಲಿ ಅಲ್ಲ.

1925ರಲ್ಲಿ ಲೈಕಾ ಎಂಬ ಕೈಹಿಡಿ ಕ್ಯಾಮೆರಾ ಮಾರಾಟಕ್ಕೆ ಬಂದಿತು. 1930ರ ಸುಮಾರಿಗೆ ಫ್ಲಾಷ್ ಬಲ್ಬು ಬಂದಿತು. 1954ರಲ್ಲಿ ಕೊಡಾಕ್ ಸಂಸ್ಥೆಯ ಟ್ರೈ-ಎಕ್ಸ್ ಎಂಬ ವೇಗದ ಫಿಲ್ಮು ಸಣ್ಣ ಕ್ಯಾಮೆರಾಗಳಿಗೂ ದೊರೆಯತೊಡಗಿತು. ಇಂದಿನ ಡಿಜಿಟಲ್ ಕ್ಯಾಮೆರಾದಲ್ಲಿ ವೇಗವನ್ನು 3200ಕ್ಕೆ ಏರಿಸಿದರೆ, ಮೇಲೆ ಹೇಳಿದ ಕಾಲು ಸೆಕೆಂಡು 125ನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಸಭೆಗೆ ತೊಂದರೆ ಕೊಡದೆ, ಕೃತಕ ಬೆಳಕು ಹಾಯಿಸದೆ, ಸಾಧಾರಣ ಮಸೂರದಿಂದಲೇ ತೆಗೆಯಬಹುದು. ಚಿತ್ರಗಳು ಈಗ ಲೆಕ್ಕವಿಲ್ಲದಷ್ಟಿವೆ. ಇರಲಿ.

ಕೈಗೆ ಬಂದ ಹಳೆಯ ಚಿತ್ರವೊಂದನ್ನು ಓದುವುದು ಹೇಗೆ? ಮೊದಲ ಪ್ರಶ್ನೆ: ಇದು ನಿಜವಾಗಿ ಕಚೇರಿಯ ನಡುವೆ ತೆಗೆದುದೇ, ಅಥವಾ ಕಚೇರಿಗೆ ಮೊದಲು ವೇದಿಕೆಯ ಮೇಲೆ ಕೂರಿಸಿ ತೆಗೆದುದೇ? ಎಲ್ಲರ ಕಣ್ಣೂ ಕ್ಯಾಮೆರಾದ ಕಡೆಗಿದ್ದು, ಗಾಯಕರ ಬಾಯಿ ಮುಚ್ಚಿದ್ದು, ಮೃದಂಗದ ಮೇಲಿನ ಬೆರಳುಗಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿದ್ದರೆ ಎರಡನೆಯದೇ ಸರಿ. ಮಸುಕಾದ ಕೈಯನ್ನು ಛಾಯಾಗ್ರಾಹಕರು ದೋಷವೆನ್ನುತ್ತಾರೆ. ಚರಿತ್ರಕಾರನಿಗೆ ಅದು ನುಡಿಯುತ್ತಿರುವ ವಾದ್ಯದ ಗುರುತು.

ಎರಡನೆಯ ಪ್ರಶ್ನೆ ಇನ್ನೂ ಸ್ವಾರಸ್ಯವಾದುದು. ನೆಗೆಟಿವನ್ನು ಮಗುಚಿ ಅಚ್ಚುಹಾಕಿದರೆ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಊರ ದೃಶ್ಯದಲ್ಲಿ ಇದು ಅಷ್ಟು ಬಾಧಕವಲ್ಲ. ಕಚೇರಿಯ ಚಿತ್ರದಲ್ಲಿ ಚರಿತ್ರೆಯೇ ಬದಲಾಗುತ್ತದೆ. ಬಲಗೈಯ ಮೃದಂಗವಾದಕನು ಗಾಯಕನ ಬಲಕ್ಕೆ, ಅಂದರೆ ನೋಡುವವರ ಎಡಕ್ಕೆ ಕೂರುವುದು ಸಂಪ್ರದಾಯ; ಮೃದಂಗದ ಬಲಮುಖ ಆಗ ಸಭೆಯ ಕಡೆಗಿರುತ್ತದೆ. ಪಿಟೀಲು ಗಾಯಕನ ಎಡಕ್ಕೆ. ಈ ಕ್ರಮ ತಿರುಗುಮುರುಗಾಗಿರುವ ಚಿತ್ರವೊಂದು ಸಿಕ್ಕಿದರೆ, ಮಗುಚಿದ ನೆಗೆಟಿವೆಂದು ಒಡನೆಯೇ ತೀರ್ಮಾನಿಸಲಾಗದು. ಪಳನಿ ಸುಬ್ರಹ್ಮಣ್ಯ ಪಿಳ್ಳೆಯವರು (1908–1962) ಎಡಗೈಯ ವಾದಕರು. ಅವರು ಕುಳಿತರೆ ವೇದಿಕೆಯ ಕ್ರಮವೇ ಬದಲಾಗಬೇಕಾಗುತ್ತಿತ್ತು. ಇದಕ್ಕೆ ಒಪ್ಪದ ಪಿಟೀಲು ವಿದ್ವಾಂಸರೂ ಇದ್ದರೆಂಬುದು ಸಂಗೀತವಲಯದಲ್ಲಿ ಪ್ರಸಿದ್ಧವಾದ ಸಂಗತಿ. ಹಾಗಾದರೆ ನಿರ್ಣಯ ಹೇಗೆ? ಪಿಟೀಲಿನ ಕಮಾನನ್ನು ನೋಡಬೇಕು. ಅದು ಬಲಗೈಯಲ್ಲಿದ್ದರೆ ಚಿತ್ರ ನೆಟ್ಟಗಿದೆ, ಮೃದಂಗವಾದಕನೇ ಎಡಗೈಯವನು; ಕಮಾನೂ ಎಡಗೈಗೆ ಹೋಗಿದ್ದರೆ ನೆಗೆಟಿವು ಮಗುಚಿದೆ. ಜನಿವಾರ, ಕೈಗಡಿಯಾರ, ಹಿಂದಿನ ಬಟ್ಟೆಯ ಮೇಲಿನ ಅಕ್ಷರ ಇವೂ ಸಾಕ್ಷಿ ಹೇಳುತ್ತವೆ. ತರಗತಿಯಲ್ಲಿ ವಿದ್ಯಾರ್ಥಿಗಳ ಮುಂದೆ ಇಂಥ ಒಂದು ಚಿತ್ರವನ್ನಿಟ್ಟು ಈ ಪ್ರಶ್ನೆ ಕೇಳಿದರೆ, ಆಕರವಿಮರ್ಶೆಯನ್ನು ಕುರಿತ ನಾಲ್ಕು ಉಪನ್ಯಾಸಗಳಿಗಿಂತ ಹೆಚ್ಚು ಪ್ರಯೋಜನವಾಗುವುದನ್ನು ನಾವು ಕಂಡಿದ್ದೇವೆ.

ವೇದಿಕೆಯ ಮೇಲಿನ ವಸ್ತುಗಳೂ ಮಾತನಾಡುತ್ತವೆ. ತಿರುಮಕೂಡಲು ನರಸೀಪುರದ ಟಿ. ಚೌಡಯ್ಯನವರು (1895–1967) ಏಳು ತಂತಿಯ ಪಿಟೀಲನ್ನು ರೂಪಿಸಿಕೊಂಡುದು ಸಭೆಯ ಕೊನೆಯ ಸಾಲಿಗೂ ನಾದ ಮುಟ್ಟಲೆಂದು. ಆಗ ಧ್ವನಿವರ್ಧಕವಿರಲಿಲ್ಲ. 1930ರ ದಶಕದಿಂದ ಈಚೆಗೆ ದಕ್ಷಿಣದ ಸಭೆಗಳಲ್ಲಿ ಧ್ವನಿವರ್ಧಕ ಹರಡಿತು. ಏಳು ತಂತಿಯ ಅಗತ್ಯಕ್ಕೆ ಕಾರಣವಾದ ಕೊರತೆಯೇ ನೀಗಿತು. ಆದರೂ ಚೌಡಯ್ಯನವರು ತಮ್ಮ ವಾದ್ಯವನ್ನು ಬಿಡಲಿಲ್ಲ. ಪಿಟೀಲಿನ ತಲೆಯಲ್ಲಿ ಹೆಚ್ಚಿನ ಬಿರಡೆಗಳೂ, ಅದರ ಮುಂದೆಯೇ ಧ್ವನಿವರ್ಧಕದ ಕಂಬವೂ ಕಾಣುವ ಚಿತ್ರವೊಂದು ದೊರೆತರೆ, ಉಪಕರಣದ ಕಾರಣ ಹೋದ ಮೇಲೂ ಉಪಕರಣ ಉಳಿದುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ. ಧ್ವನಿವರ್ಧಕಗಳನ್ನು ಎಣಿಸುವುದೂ ಲಾಭದಾಯಕ. ಗಾಯಕರ ಮುಂದೆ ಮಾತ್ರ ಒಂದಿದ್ದರೆ ಪಕ್ಕವಾದ್ಯಗಳ ನಾದಕ್ಕೆ ಸಭೆಯಲ್ಲಿದ್ದ ಸ್ಥಾನ ಒಂದು ಬಗೆ; ಒಬ್ಬೊಬ್ಬರ ಮುಂದೆ ಒಂದೊಂದಿದ್ದರೆ ಇನ್ನೊಂದು ಬಗೆ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ 1939ರಲ್ಲಿ ಮೊದಲಾದ ಶ್ರೀ ರಾಮಸೇವಾ ಮಂಡಲಿಯ ರಾಮನವಮಿ ಸಂಗೀತೋತ್ಸವದಂಥ ದೀರ್ಘಪರಂಪರೆಯ ಉತ್ಸವಗಳ ಚಿತ್ರಗಳನ್ನು ವರ್ಷಾನುಕ್ರಮದಲ್ಲಿ ಜೋಡಿಸಿ ನೋಡಿದರೆ ಈ ಬದಲಾವಣೆಯ ಕಾಲವನ್ನು ದಶಕದ ಲೆಕ್ಕದಲ್ಲಾದರೂ ಗುರುತಿಸಬಹುದು. ಮಹಿಳೆಯರು ಲಯವಾದ್ಯಗಳೊಡನೆ ವೇದಿಕೆಗೆ ಬಂದ ಕಾಲವನ್ನೂ ಹಾಗೆಯೇ. ಬೆಂಗಳೂರಿನ ಸುಕನ್ಯಾ ರಾಮಗೋಪಾಲ್ ಅವರು ಘಟವಾದನಕ್ಕೆ ಇಳಿದಾಗ ಹೆಂಗಸರಿಗೆ ಆ ವಾದ್ಯ ತಕ್ಕದ್ದಲ್ಲವೆಂಬ ಭಾವನೆ ಬಲವಾಗಿತ್ತು. ವೇದಿಕೆಯ ಮೇಲೆ ಯಾರ ಪಕ್ಕದಲ್ಲಿ ಯಾರು ಕುಳಿತರೆಂಬುದನ್ನು ಚಿತ್ರ ಮುಲಾಜಿಲ್ಲದೆ ಹೇಳುತ್ತದೆ.

ಹಾಗೆಂದು ಈ ಆಕರ ನಿಷ್ಪಕ್ಷಪಾತಿಯೆಂದು ನಂಬುವುದು ಮೋಸಹೋಗುವ ಮಾರ್ಗ. ಸ್ವಾನುಭವದ ಮೇಲೆ ಹೇಳುತ್ತೇವೆ. ಕನ್ನಡಿಯಿರುವ ಕ್ಯಾಮೆರಾದ ಸದ್ದು ಚಿಕ್ಕ ಸಭೆಯಲ್ಲಿ ಚೆನ್ನಾಗಿ ಕೇಳಿಸುತ್ತದೆ. ಆಲಾಪನೆ ತಾರಸ್ಥಾಯಿಯಲ್ಲಿ ನಿಂತಿರುವಾಗ ಗುಂಡಿ ಒತ್ತುವ ಧೈರ್ಯ ಮರ್ಯಾದಸ್ಥನಾದ ಹವ್ಯಾಸಿಗೆ ಬಾರದು. ಮುಂದಿನ ಸಾಲಿನ ಹಿರಿಯರು ತಿರುಗಿ ನೋಡುವ ನೋಟವನ್ನು ಒಮ್ಮೆ ಉಂಡವನು ಮತ್ತೆ ಮರೆಯುವುದಿಲ್ಲ. ಆದುದರಿಂದ ಅವನು ತನಿ ಆವರ್ತನಕ್ಕಾಗಿ ಕಾಯುತ್ತಾನೆ. ಮೃದಂಗ ಘಟಗಳ ಅಬ್ಬರದಲ್ಲಿ ಹತ್ತಾರು ಚಿತ್ರಗಳನ್ನು ಒಟ್ಟಿಗೆ ತೆಗೆದುಬಿಡುತ್ತಾನೆ. ನಮ್ಮ ಸಂಗ್ರಹದಲ್ಲಿ ಅರ್ಧಕ್ಕಿಂತ ಹೆಚ್ಚು ಚಿತ್ರಗಳು ತನಿ ಆವರ್ತನದವು. ನೂರು ವರ್ಷಗಳ ಮೇಲೆ ಯಾರಾದರೂ ಇವನ್ನಷ್ಟೇ ನೋಡಿದರೆ, ತುಮಕೂರಿನಲ್ಲಿ ಗಾಯಕರು ಕೈಕಟ್ಟಿ ಕುಳಿತು ಮೃದಂಗವನ್ನು ಕೇಳುತ್ತಿದ್ದರೆಂದು ಬರೆಯಬೇಕಾದೀತು. ಈಚೆಗೆ ಸದ್ದಿಲ್ಲದ ಕ್ಯಾಮೆರಾಗಳು ಬಂದಿವೆ. ಆದರೆ ಎಲ್‌ಇಡಿ ದೀಪಗಳ ಕೆಳಗೆ ಅವು ಚಿತ್ರದ ಮೇಲೆ ಅಡ್ಡ ಪಟ್ಟೆಗಳನ್ನು ಮೂಡಿಸುವುದುಂಟು. ಒಂದು ಕಾಟ ಹೋದರೆ ಇನ್ನೊಂದು.

ಇನ್ನು ಕತ್ತರಿಯ ವಿಷಯ. ನಮ್ಮಲ್ಲಿ ಹವ್ಯಾಸಿ ಛಾಯಾಗ್ರಹಣ ಬಹು ಶ್ರೇಷ್ಠವಾಗಿ ಬೆಳೆಯಿತು. 1953ರಲ್ಲಿ ಅಖಿಲ ಭಾರತ ಮಟ್ಟದ ಛಾಯಾಗ್ರಹಣ ಒಕ್ಕೂಟವನ್ನು ಕಟ್ಟುವುದರಲ್ಲಿ ಬೆಂಗಳೂರಿನ ಡಾ. ಜಿ. ಥಾಮಸ್ ಮುಂದಾಳಾಗಿದ್ದರು. ಸಿ. ರಾಜಗೋಪಾಲ್, ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆ ಇವರ ಹೆಸರು ನಾಡಿನಾಚೆಗೂ ಹಬ್ಬಿತು. ಇವರಲ್ಲಿ ಹಲವರ ಒಲವು ವನ್ಯಜೀವಿಗಳ ಕಡೆಗೆ, ನೆಳಲು ಬೆಳಕಿನ ಸೊಬಗಿನ ಕಡೆಗೆ. ಪ್ರದರ್ಶನಗಳಿಗೆ ಚಿತ್ರ ಕಳುಹಿಸುವ ಆ ಸಂಪ್ರದಾಯ ಹವ್ಯಾಸಿಗೆ ಕಲಿಸಿದ ಮುಖ್ಯ ಪಾಠ, ಬೇಡದ್ದನ್ನು ತೆಗೆದುಹಾಕು ಎಂಬುದು. ಹಕ್ಕಿಯ ಹಿಂದಿನ ಅಡ್ಡಕೊಂಬೆಯನ್ನು ನಿವಾರಿಸುವುದರಿಂದ ಯಾರಿಗೂ ನಷ್ಟವಿಲ್ಲ. ಅದೇ ಕಣ್ಣಿನಿಂದ ಕಚೇರಿಯನ್ನು ನೋಡಿದಾಗ ಧ್ವನಿವರ್ಧಕದ ಕಂಬ, ನೀರಿನ ಲೋಟ, ಹಿಂದೆ ಕುಳಿತ ತಂಬೂರಿಯವರು, ಇವೆಲ್ಲ ಅಡ್ಡಕೊಂಬೆಗಳಾಗಿಬಿಡುತ್ತವೆ.

ನಾವು ಮಾಡಿದುದೂ ಇದನ್ನೇ. ಪ್ರದರ್ಶನವೊಂದಕ್ಕೆ ಕಳುಹಿಸುವ ಆಸೆಯಿಂದ ಚಿತ್ರಗಳ ಅಂಚನ್ನು ಕತ್ತರಿಸಿದೆವು, ಹಿನ್ನೆಲೆಯನ್ನು ಕಪ್ಪುಮಾಡಿದೆವು. ಕಂಪ್ಯೂಟರಿನಲ್ಲಿ ಸ್ಥಳ ಸಾಲದೆಂದು ಮೂಲಪ್ರತಿಗಳನ್ನು ಅಳಿಸಿದೆವು. ಪ್ರದರ್ಶನಕ್ಕೆ ಒಂದೂ ಆಯ್ಕೆಯಾಗಲಿಲ್ಲ. ತುಮಕೂರು ಜಿಲ್ಲೆಯ ಶಾಸನಸಂಪುಟವನ್ನು ರೈಸ್ ಅವರು 1904ರಲ್ಲಿ ಪ್ರಕಟಿಸಿದರು. ವೀರಗಲ್ಲಿನ ಅಕ್ಷರಗಳನ್ನು ಅಚ್ಚುಮಾಡಿ, ಮೇಲಿನ ಶಿಲ್ಪಪಟ್ಟಿಕೆಗಳನ್ನು ಕೈಬಿಡುವ ಹಳೆಯ ಸಂಪುಟಗಳ ಪದ್ಧತಿಯನ್ನು ಕುರಿತು ನಾವು ಪ್ರತಿವರ್ಷವೂ ವಿದ್ಯಾರ್ಥಿಗಳ ಮುಂದೆ ಆಕ್ಷೇಪಿಸುತ್ತ ಬಂದಿದ್ದೇವೆ. ರೈಸ್ ಅವರು ಕಲ್ಲನ್ನಾದರೂ ಇದ್ದಲ್ಲಿಯೇ ಬಿಟ್ಟಿದ್ದರು.

ತಂಬೂರಿಯ ವಿಷಯದಲ್ಲಿ ಈ ನಷ್ಟ ಸಾಮಾನ್ಯವಾದುದಲ್ಲ. ಕಚೇರಿಯ ಆಹ್ವಾನಪತ್ರವನ್ನು ನೋಡಿರಿ. ಗಾಯನ, ಪಿಟೀಲು, ಮೃದಂಗ, ಘಟ ಎಂದು ನಾಲ್ಕು ಹೆಸರುಗಳು ಅಚ್ಚಾಗಿರುತ್ತವೆ. ತಂಬೂರಿಯವರ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಸನ್ಮಾನದ ವೇಳೆ ಅವರಿಗೂ ಒಂದು ಹಾರ ಬಿದ್ದರೆ ಅದು ಸಂಘಟಕರ ಸೌಜನ್ಯ. ಪತ್ರಿಕೆಯ ವಿಮರ್ಶಕರು ಶ್ರುತಿಶುದ್ಧಿಯನ್ನು ಹೊಗಳುತ್ತಾರೆ, ಶ್ರುತಿ ಹಿಡಿದವರನ್ನು ಹೆಸರಿಸುವುದು ಅಪೂರ್ವ. ಧ್ವನಿಮುದ್ರಣದಲ್ಲಿ ತಂಬೂರಿಯ ನಾದ ಕೇಳಿಸಬಹುದು. ಅದು ಮನುಷ್ಯರ ಬೆರಳಿನದೋ ಯಂತ್ರದ್ದೋ ಎಂದು ಹೇಳುವುದು ಕಷ್ಟ. ಬೆಂಗಳೂರಿನ ಜಿ. ರಾಜ್‌ನಾರಾಯಣ್ ಅವರು 1970ರ ದಶಕದ ಕೊನೆಗೆ ವಿದ್ಯುನ್ಮಾನ ತಂಬೂರಿಯನ್ನು ನಿರ್ಮಿಸಿದ ಮೇಲೆ ಅಂಗೈಯಗಲದ ಪೆಟ್ಟಿಗೆಯೊಂದು ನಾಲ್ಕು ತಂತಿಯ ಕೆಲಸವನ್ನು ಮಾಡತೊಡಗಿತು. ಈಗ ಮೊಬೈಲಿನಲ್ಲಿಯೇ ತಂಬೂರಿಯುಂಟು. ಯಾವ ಊರಿನಲ್ಲಿ, ಯಾವ ವರ್ಷದ ಸುಮಾರಿಗೆ, ತಂಬೂರಿ ಹಿಡಿದ ಮನುಷ್ಯರು ವೇದಿಕೆಯಿಂದ ಇಳಿದರು, ಅವರು ಯಾರಾಗಿದ್ದರು, ಶಿಷ್ಯರೇ, ಊರಿನ ಹೆಂಗಸರೇ, ಬಂಧುಗಳೇ? ಈ ಪ್ರಶ್ನೆಗೆ ಆಹ್ವಾನಪತ್ರವೂ ಉತ್ತರಿಸದು, ವಿಮರ್ಶೆಯೂ ಉತ್ತರಿಸದು, ಧ್ವನಿಮುದ್ರಣವೂ ಉತ್ತರಿಸದು. ಕತ್ತರಿಸದ ಛಾಯಾಚಿತ್ರವೊಂದೇ ಉತ್ತರಿಸಬಲ್ಲುದು. ಅದರಲ್ಲಿಯೂ ಪತ್ರಿಕೆಯ ಛಾಯಾಗ್ರಾಹಕನು ಗಾಯಕರ ಮುಖ ಸಿಕ್ಕಿದೊಡನೆ ಹೊರಟುಹೋಗುವವನು. ಮೂರು ಗಂಟೆಯೂ ಒಂದೇ ಮೂಲೆಯಲ್ಲಿ ಕೂರುವ ಹವ್ಯಾಸಿಗೆ ಮಾತ್ರ ಇಡೀ ವೇದಿಕೆ ದಕ್ಕುತ್ತದೆ.

ಅಮೆರಿಕದ ಜಾಜ್ ಸಂಗೀತದ ಚರಿತ್ರೆಯಿಂದ ಒಂದು ನಿದರ್ಶನ ಇಲ್ಲಿ ಉಚಿತ. ವಿಲಿಯಂ ಗಾಟ್ಲೀಬ್ (1917–2006) ವಾಷಿಂಗ್ಟನ್ನಿನ ಪತ್ರಿಕೆಯೊಂದಕ್ಕೆ ಜಾಜ್ ಕುರಿತು ಬರೆಯುತ್ತಿದ್ದವನು. ಛಾಯಾಗ್ರಾಹಕನಿಗೆ ಹಣ ಕೊಡಲು ಪತ್ರಿಕೆ ಒಪ್ಪದಿದ್ದಾಗ ತಾನೇ ಕ್ಯಾಮೆರಾ ಹಿಡಿಯಲು ಕಲಿತನು. 1938ರಿಂದ 1948ರವರೆಗಿನ ಹತ್ತು ವರ್ಷಗಳಲ್ಲಿ ಅವನು ತೆಗೆದ 1600ಕ್ಕೂ ಹೆಚ್ಚು ಚಿತ್ರಗಳು ಅಲ್ಲಿಯ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿವೆ. ಅವನ ಇಚ್ಛೆಯಂತೆ 2010ರಿಂದ ಸಾರ್ವಜನಿಕ ಸ್ವತ್ತಾಗಿವೆ. ಮಿಲ್ಟ್ ಹಿಂಟನ್ (1910–2000) ಎಂಬ ಬಾಸ್ ವಾದಕನು ತನ್ನ ಜೊತೆಯ ವಾದಕರನ್ನೇ ದಶಕಗಳ ಕಾಲ ಚಿತ್ರಿಸಿದನು. ಅವನ ಚಿತ್ರಗಳು ವೇದಿಕೆಯ ಒಳಗಿನವು, ಸಭೆಗೆ ಕಾಣದ ಹೊತ್ತಿನವು. ನಮ್ಮಲ್ಲಿ ಅಂಥವರಿಲ್ಲವೆಂದಲ್ಲ. ಅವರ ನೆಗೆಟಿವುಗಳು ಬಿಸ್ಕತ್ತಿನ ಡಬ್ಬಿಗಳಲ್ಲಿ, ಅಟ್ಟದ ಮೇಲೆ, ತೇವದಲ್ಲಿ ಇವೆ.

ತೇದಿಯ ತೊಡಕನ್ನೂ ಹೇಳಿ ಮುಗಿಸಬೇಕು. ಡಿಜಿಟಲ್ ಚಿತ್ರದೊಳಗೆ ತೇದಿ, ಗಂಟೆ, ನಿಮಿಷ ತಾವಾಗಿಯೇ ದಾಖಲಾಗುತ್ತವೆಂಬುದು ಚರಿತ್ರಕಾರನಿಗೆ ದೊಡ್ಡ ಆಮಿಷ. ಪಶ್ಚಿಮ ಗಂಗರ ತಾಮ್ರಶಾಸನಗಳಲ್ಲಿ ತೇದಿ ಇದೆಯೆಂದಮಾತ್ರಕ್ಕೆ ನಂಬಲಾಗದೆಂದು ಫ್ಲೀಟ್ ಅವರು ಹಟಹಿಡಿದುದೂ, ರೈಸ್ ಅವರು ಅದನ್ನು ಒಪ್ಪದಿದ್ದುದೂ ವಾಚಕರಿಗೆ ತಿಳಿದಿದೆ. ಕ್ಯಾಮೆರಾದ ಗಡಿಯಾರ ತಪ್ಪಿದ್ದರೆ ಸಾವಿರ ಚಿತ್ರಗಳಿಗೂ ಕೂಟತೇದಿಯೇ ಬೀಳುತ್ತದೆ. ವಾಟ್ಸಾಪಿನಲ್ಲಿ ಕಳುಹಿಸಿದ ಚಿತ್ರದಲ್ಲಿಯಂತೂ ಒಳಗಿನ ತೇದಿಯೇ ಅಳಿಸಿಹೋಗಿರುತ್ತದೆ.

ಆ ಮಹನೀಯರು ಹೋದ ಮೇಲೆ ನಾವು ಹಳೆಯ ಸಾಮಾನುಗಳನ್ನೆಲ್ಲ ಶೋಧಿಸಿದೆವು. ಕೆಟ್ಟುಹೋಯಿತೆಂದು ಮೂಲೆಗೆ ಹಾಕಿದ್ದ ಮೆಮೊರಿ ಕಾರ್ಡೊಂದರಲ್ಲಿ ಹನ್ನೊಂದು ಚಿತ್ರಗಳು ಉಳಿದಿದ್ದುವು. ಹತ್ತು ತನಿ ಆವರ್ತನದವು. ಹನ್ನೊಂದನೆಯದು ಕಚೇರಿಯ ಮೊದಲಲ್ಲಿ ಬೆಳಕನ್ನು ಪರೀಕ್ಷಿಸಲು ತೆಗೆದುದು: ಓರೆಯಾಗಿದೆ, ಒಂದು ಕಡೆ ಯಾರದೋ ತಲೆ ಅಡ್ಡವಿದೆ. ಗಾಯಕರ ಹೆಗಲ ಹಿಂದೆ ತಂಬೂರಿಯ ಬಿರಡೆಗಳು, ಅದರ ಪಕ್ಕದಲ್ಲಿ ಅರ್ಧ ಮುಖ, ತಂತಿಯ ಮೇಲೆ ಎರಡು ಬೆರಳು. ಕ್ಯಾಮೆರಾದ ಗಡಿಯಾರ ಆಗ ತಪ್ಪಿತ್ತಾದುದರಿಂದ ವರ್ಷವನ್ನು ನಿರ್ಣಯಿಸುವುದು ನಮ್ಮಿಂದಾಗಲಿಲ್ಲ. ಚಿತ್ರವನ್ನು ತೆಗೆದುಕೊಂಡು ಅವರ ಮನೆಗೆ ಹೋದೆವು. ಅವರು ಬಹುಹೊತ್ತು ನೋಡಿ, ಎಡಗಣ್ಣಿನ ಪೊರೆ ತೆಗೆಸಿ ಕಪ್ಪು ಕನ್ನಡಕ ಹಾಕಿಕೊಂಡಿದ್ದ ವರ್ಷವಿದು, ಕನ್ನಡಕ ಬೇಡವೆಂದರೂ ಅಮ್ಮ ಕೇಳಲಿಲ್ಲ, ವೈದ್ಯರು ಹೇಳಿದ್ದಾರೆ ಎಂದು ವೇದಿಕೆಗೂ ಅದನ್ನೇ ಹಾಕಿಕೊಂಡು ಹೋದರು, ಎಂದರು. ಒಳಗಿನಿಂದ ಆಸ್ಪತ್ರೆಯ ಚೀಟಿಯನ್ನು ತಂದು ತೋರಿಸಿದರು. ಅದರಲ್ಲಿ 2016ರ ಮಾರ್ಚ್ ತಿಂಗಳ ತೇದಿಯಿತ್ತು. ಆ ವರ್ಷ ರಾಮನವಮಿ ಏಪ್ರಿಲ್ 15ಕ್ಕೆ. ಚಿತ್ರದ ಬೆನ್ನಿನ ಮೇಲೆ ವರ್ಷ, ದೇವಸ್ಥಾನ, ಎಡದಿಂದ ಬಲಕ್ಕೆ ಕುಳಿತವರ ಹೆಸರುಗಳನ್ನು ಬರೆದೆವು. ಮೃದಂಗ, ಗಾಯನ, ಪಿಟೀಲು ಆದ ಮೇಲೆ ಅವರು ಲೇಖನಿಯನ್ನು ನಮ್ಮ ಕೈಯಿಂದ ತೆಗೆದುಕೊಂಡು ಐದನೆಯ ಸಾಲನ್ನು ತಾವೇ ಬರೆದರು. ನಾಲ್ಕನೆಯದು ಘಟದವರದು, ಅವರ ಹೆಸರು ನಮ್ಮಿಬ್ಬರಿಗೂ ನೆನಪಾಗಲಿಲ್ಲವಾದ್ದರಿಂದ ಆ ಸ್ಥಳವನ್ನು ಖಾಲಿ ಬಿಟ್ಟಿದ್ದೇವೆ.